ಅಳಿಸಿದ ಪಾಚಿ

ಕುಂದಲಹಳ್ಳಿಯ ನಮ್ಮ ಆಫೀಸಿಗೆ ಕಡಲು ಫೋಟೋಗಳಾಗಿ ಬರುತ್ತದೆ. ದೂರದ ತಣ್ಣನೆಯ ಸಮುದ್ರದ ಬಂಡೆಗಳ ಮೇಲೆ ಅರ್ಚಿನ್‌ಗಳು, ಅಂದರೆ ಮೈತುಂಬ ಮುಳ್ಳಿರುವ ಚೆಂಡಿನಂಥ ಜೀವಿಗಳು, ಪಾಚಿ ಮೇಯುತ್ತವೆ. ಕೆಲವು ಕಡೆ ಪಾಚಿಯ ಕಾಡನ್ನೇ ಬೋಳು ಮಾಡುತ್ತವೆ. ಕೆಲವು ಕಡೆ ಬಂಡೆಯ ಬಿರುಕಿನಿಂದ ಕದಲುವುದೇ ಇಲ್ಲ. ಏಕೆಂದು ತಿಳಿಯಲು ಅಲ್ಲಿನ ವಿಜ್ಞಾನಿಯೊಬ್ಬರು ಫೋಟೋ ಕಳಿಸುತ್ತಾರೆ. ಅರ್ಚಿನ್, ಮೀನು, ಪಾಚಿ, ಒಂದೊಂದರ ಸುತ್ತ ನಾವು ಕಂಪ್ಯೂಟರಿನಲ್ಲಿ ಚೌಕ ಎಳೆದು ಗುರುತಿಸುತ್ತೇವೆ.

ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಪಕ್ಕದ ಕುರ್ಚಿಯ ಯಮುನಾ ಬಿ.ಕಾಂ. ಮುಂದಿನ ವರ್ಷ ಆ ವಿಜ್ಞಾನಿಯ ಜೊತೆ ನೇರವಾಗಿ ಕೆಲಸ ಮಾಡಲು ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸುತ್ತಾರೆಂದು ಟೀಮ್ ಲೀಡ್ ಶ್ರೀಧರ್ ಹೇಳಿದಂದಿನಿಂದ ಅವಳ ಮೌಸಿನ ಸದ್ದೂ ನನ್ನನ್ನು ಚುಚ್ಚುತ್ತಿತ್ತು.

"ಅಂಜನ್, ನೋಡಿದ್ಯಾ? ಬಿರುಕಲ್ಲಿ ಸುಮ್ನೆ ಕೂತಿರೋವುಗಳ ಹತ್ರ ಹರಿದ ಪಾಚಿ ಚೂರು ತೇಲ್ಕೊಂಡು ಬಂದು ಬಿದ್ದಿರುತ್ತೆ. ಕೊಟ್ಟಿಗೆಗೇ ಮೇವು ಬಂದ್ರೆ ದನ ಯಾಕೆ ಹೊರಗೆ ಹೋಗುತ್ತೆ?" ಎಂದಳು ಒಂದು ದಿನ. ಅವಳ ಮನೆಯಲ್ಲಿ, ಬಾಡಿಗೆ ಕಟ್ಟಡದ ಹಿಂದೆ, ಈಗಲೂ ಎರಡು ಹಸುಗಳಿವೆ.

ಶ್ರೀಧರ್ ಜೋರಾಗಿ ನಕ್ಕ. "ಮಗಾ, ಎಂ.ಎಸ್ಸಿ. ಬದ್ಲು ನೀನೂ ಎರಡು ಹಸು ಕಟ್ಕೋಬೇಕಿತ್ತು ಕಣೋ!"

ನಾನೂ ನಕ್ಕೆ. ಆ ಮಾತು ನನಗೇಕೆ ಹೊಳೆಯಲಿಲ್ಲ ಎಂಬುದು ಊಟದ ಹೊತ್ತಿನಲ್ಲೂ ಕೊರೆಯುತ್ತಿತ್ತು.

ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದುವುದು ನಮ್ಮಲ್ಲಿ ಪದ್ಧತಿ. ಅವಳು ಗುರುತಿಸಿದ ಫೋಟೋಗಳು ನನಗೆ ಬಂದವು. ತೇಲಿಬಂದ, ಉಗುರಿನಷ್ಟು ಸಣ್ಣ ಕಂದು ಪಾಚಿ ಚೂರುಗಳಿಗೂ ಚೌಕ ಎಳೆದಿದ್ದಳು. ನಿಯಮದಲ್ಲಿ ಬಂಡೆಗೆ ಅಂಟಿದ ಪಾಚಿಯ ಮಾತಷ್ಟೇ ಇತ್ತು. ಅನುಮಾನವಿದ್ದರೆ ಕೇಳಬೇಕಿತ್ತು. ಕೇಳಲಿಲ್ಲ. ನಲವತ್ತು ಫೋಟೋಗಳಲ್ಲಿ ಆ ಚೂರುಗಳ ಚೌಕಗಳನ್ನು ಅಳಿಸಿದೆ. ವಾರದ ಪಟ್ಟಿಯಲ್ಲಿ ಅವಳ ತಪ್ಪುಗಳು ಏರಿದವು.

"ಏನಮ್ಮಾ ಇದು?" ಎಂದು ಶ್ರೀಧರ್ ಕೇಳಿದಾಗ ಯಮುನಾ ನನ್ನತ್ತ ನೋಡಿದಳು. ಮತ್ತೆ ಮೌಸ್ ಹಿಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡು ವಾರದ ಬಳಿಕ ವಿಜ್ಞಾನಿ ಪರದೆಯ ಮೇಲೆ ಬಂದರು. "ಈ ನಲವತ್ತು ಫೋಟೋಗಳು ಅರ್ಥವಾಗುತ್ತಿಲ್ಲ. ಅರ್ಚಿನ್‌ಗಳನ್ನು ತಿನ್ನುವ ಮೀನು ಇಲ್ಲ, ಅಲೆಯ ಹೊಡೆತವಿಲ್ಲ, ಹತ್ತಿರದಲ್ಲಿ ಆಹಾರವೂ ಇಲ್ಲ. ಆದರೂ ಅವು ಬಿರುಕಿನಿಂದ ಹೊರಬಂದು ಮೇಯಲು ಹೊರಟಿಲ್ಲ. ಏಕೆ?"

"ನಮ್ಮ ಅಂಜನ್ ಹೇಳ್ತಾನೆ ಮೇಡಂ, ಅವನದೇ ಸಬ್ಜೆಕ್ಟು," ಎಂದ ಶ್ರೀಧರ್ ಹೆಮ್ಮೆಯಿಂದ.

ನೀರು ಇನ್ನಷ್ಟು ತಣ್ಣಗಾಗಿರಬಹುದು ಎಂದು ಜಾರಿಕೊಳ್ಳಬಹುದಿತ್ತು. ಅವರು ಬರೆದುಕೊಳ್ಳಲು ಪೆನ್ನು ಹಿಡಿದಿದ್ದರು. ಪಕ್ಕದಲ್ಲಿ ಯಮುನಾ ಮೈಕಿನ ಕಡೆ ಬಾಗಿದಳು.

"ಆಹಾರ ಇತ್ತು. ನಾನು ಅಳಿಸಿದೆ," ಎಂದುಬಿಟ್ಟೆ.

ಅದು ಪ್ರಾಮಾಣಿಕತೆಯಲ್ಲ. ಈ ಉತ್ತರವೂ ಅವಳದಾಗುವುದನ್ನು ನಾನು ಸಹಿಸಲಾರದೆ ಹೋದೆ, ಅಷ್ಟೆ.

ಪರದೆಯಲ್ಲಿ ಆಕೆ ಪೆನ್ನು ಕೆಳಗಿಟ್ಟರು. ನಂತರ ಕೇಳಿದರು, "ಮೊದಲು ಗುರುತಿಸಿದ್ದು ಯಾರು?"

ಹೇಳಬೇಕಾದವನು ನಾನೇ ಎಂದು ಎಲ್ಲರೂ ಕಾಯುತ್ತಿದ್ದರು.

"ಯಮುನಾ," ಎಂದೆ. ವಿಜ್ಞಾನಿಗೆ ಕೇಳಿಸಲಿಲ್ಲವಂತೆ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.