ಫಿಲ್ಮಿನ ಮೇಲಿನ ಕಲೆ

ಯಾವ ವಸ್ತು ಕೈಗೆ ಬಂದರೂ ಸಿದ್ದಬಸಪ್ಪನವರು ಮೊದಲು ಅದನ್ನು ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದರು: ಹೊಸ ಕೊಡೆ, ಊಟದೆಲೆ, ಕಡೆಗೆ ಹೆಂಡತಿ ಗಿರಿಜಾದೇವಿ ತಟ್ಟಿದ ರೊಟ್ಟಿ ಕೂಡ. "ಅದು ರೊಟ್ಟಿ ರೀ, ನಿಮ್ಮ ಲ್ಯಾಬಿನ ಹಾಳೆ ಅಲ್ಲ. ತಿನ್ನಿ," ಎಂದು ಆಕೆ ಗದರಿಸುತ್ತಿದ್ದರು.

ಆರ್‌ಪಿಸಿ ಲೇಔಟಿನಲ್ಲಿ ನನ್ನ ಪಕ್ಕದ ಮನೆ ಅವರದು. ತೋಳು ಗಿಡ್ಡವಾದ ಬೂದು ಕೋಟು, ಹಿಂದಿನಿಂದ ಯಾರೋ ಕರೆದರೆಂಬಂತೆ ತಡೆತಡೆದು ಸಾಗುವ ನಡಿಗೆ, ಏನು ಕೇಳಿದರೂ "ಹಾಗಂತ ಹೇಳೋಕಾಗಲ್ಲ ಸಾರ್" ಎಂಬ ಉತ್ತರ. ಈ ಆತಂಕದ ಮನುಷ್ಯ ಒಂದು ಪ್ರಯೋಗಶಾಲೆಯಲ್ಲಿ, ನಿರ್ವಾತ ಪಾತ್ರೆಯೊಳಗೆ ಚಿಮ್ಮಿಸಿದ ಅನಿಲವನ್ನು ಲೇಸರಿನಿಂದ ಸೂರ್ಯನ ಒಡಲಿನಂತೆ ಕಾಯಿಸಿ, ಆ ಪ್ಲಾಸ್ಮಾದಿಂದ ಮೃದು ಕ್ಷ-ಕಿರಣ ಹೊರಡಿಸುವ ಸಾಹಸದಲ್ಲಿದ್ದರು. ಮೃದುವೆಂದರೆ ಗಾಳಿಯನ್ನೇ ದಾಟಲಾರದಷ್ಟು ಮೃದು. ತೆಳು ಅಲ್ಯೂಮಿನಿಯಂ ಹಾಳೆಯೊಂದು ಮಾಮೂಲಿ ಬೆಳಕನ್ನು ತಡೆದು ಆ ಕಿರಣವನ್ನು ಮಾತ್ರ ಬಿಡಬೇಕು. ಹಾಳೆಯ ಹಿಂದಿಟ್ಟ ಫಿಲ್ಮು ಕಪ್ಪಾದರೆ ಗೆದ್ದಂತೆ.

೧೯೭೬ರಲ್ಲಿ ಫಿಲ್ಮು ಕಪ್ಪಾಯಿತು. ಪ್ರಯೋಗಶಾಲೆಯ ನಿರ್ದೇಶಕರು ಲಡ್ಡು ಹಂಚಿದರು, ದೆಹಲಿಯಿಂದ ಸಮಿತಿ ಕರೆಸಿದರು. ಸಮಿತಿ ಮೆಚ್ಚಿದರೆ ಸಿದ್ದಬಸಪ್ಪನವರ ಹಂಗಾಮಿ ನೌಕರಿ ಕಾಯಂ. ಇವರೋ, ಮನಸ್ಸು ತಡೆಯದೆ, ಅನಿಲವನ್ನೇ ಬಿಡದೆ ಇನ್ನೊಮ್ಮೆ ಲೇಸರ್ ಹಾರಿಸಿದರು. ಅನಿಲವಿಲ್ಲದೆ ಕ್ಷ-ಕಿರಣ ಹುಟ್ಟದು; ಆದರೂ ಫಿಲ್ಮಿನ ಮೇಲೆ ಕಪ್ಪು ಕಲೆ ಹಾಗೆಯೇ ಬಂತು. ಹಾಳೆಯಲ್ಲೆಲ್ಲೋ ಕಣ್ಣಿಗೆ ಕಾಣದ ತೂತು. ನುಸುಳಿದ್ದು ಬರೀ ಲೇಸರಿನ ಬೆಳಕು.

ಸಮಿತಿ ಬರುವ ಮುನ್ನಾದಿನ ಅವರ ಮನೆಗೆ ಹೋದೆ. ಸಿದ್ದಬಸಪ್ಪನವರು ಖಾಲಿ ಕಾಫಿ ಲೋಟವನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದರು.

"ನಾಳೆ ಒಂದಿನ ಸುಮ್ನಿರಿ," ಎಂದರು ಗಿರಿಜಾದೇವಿ. "ಕೆಲಸ ಕಾಯಂ ಆಗ್ಲಿ, ಆಮೇಲೆ ಬೇರೆ ಹಾಳೆ ಹಾಕ್ಕೊಳ್ಳಿ."

"ಸುಮ್ನಿರ್ತೀನಿ ಕಣೇ. ಅವರೇ ಕೇಳ್ಬಿಟ್ರೆ?"

"ಲಡ್ಡು ತಿಂದೋರು ಯಾರ್ರೀ ಕೇಳ್ತಾರೆ!"

ಮರುದಿನ ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಸಿದ್ದಬಸಪ್ಪನವರಿಗೆ ತಡೆಯಲಾಗದೆ ಹೋದದ್ದೇ ಅದು. ಚಪ್ಪಾಳೆಯ ನಡುವೆ ಎದ್ದು, ಬೆವರುತ್ತ, ತೊದಲುತ್ತ, "ಗ್ಯಾಸ್ ಬಿಡದೇ ಇದ್ರೂ ಈ ಕಲೆ ಬರುತ್ತೆ ಸಾರ್," ಎಂದುಬಿಟ್ಟರಂತೆ.

ನೌಕರಿ ಹೋಯಿತು. ನಿರ್ದೇಶಕರು ಮಾತ್ರ ಇನ್ನೂ ದೊಡ್ಡ ಕುರ್ಚಿಗೇರಿದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಿದ್ದಬಸಪ್ಪನವರಿಗೆ ಉರಿಯಿಲ್ಲ, ದಿಗಿಲಷ್ಟೆ. ಮಾರೇನಹಳ್ಳಿಯ ಟ್ಯುಟೋರಿಯಲ್ಲಿನಲ್ಲಿ ಪಾಠ ಮುಗಿಸಿ ಬಂದವರು ಮೊನ್ನೆ ನನ್ನ ಗೇಟು ಹಿಡಿದು ನಿಂತು ಕೇಳಿದರು: "ಆ ತೂತು ಎರಡನೇ ಸಲವೇ ಬಿದ್ದಿದ್ರೆ ಸಾರ್? ಮೊದಲನೇದು ನಿಜವಾಗ್ಲೂ ಎಕ್ಸ್‌ರೇನೇ ಆಗಿದ್ರೆ?"

ಇಂಥವರಿಗೆ ಸತ್ಯ ನುಡಿದ ನೆಮ್ಮದಿಯೂ ದಕ್ಕುವುದಿಲ್ಲ. ನುಡಿದ ಮೇಲೂ ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ನಾಡಿನ ಸಂಶಯವನ್ನೆಲ್ಲ ಅವರ ತಲೆಗೆ ಹೊರಿಸಿ, ನಾವು ಹಾಯಾಗಿ ನಿದ್ದೆ ಹೋಗುತ್ತೇವೆ. ಎದ್ದ ಮೇಲೆ ಅವರನ್ನು ಪುಕ್ಕಲರೆನ್ನುತ್ತೇವೆ.