ಹತ್ತು ಜನರ ಮಿತಿ

ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವ ಆ ಲಾಂಡ್ರಿಯನ್ನು ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ನಡೆಸಿಕೊಂಡು ಬಂದಿದ್ದಳು. ಕೆಲಸಕ್ಕೆ ಹನ್ನೆರಡು ಜನ. ಬೆಳಿಗ್ಗೆ ಏಳಕ್ಕೆ ಬಾಯ್ಲರ್ ಹೊತ್ತಿಸಿದರೆ ಒಂಬತ್ತರ ಹೊತ್ತಿಗೆ ಒಳಗೆಲ್ಲ ಹಬೆ. ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವಳಾದ ಇಸ್ತ್ರಿಯವಳು ಕೂಡ ಅಕ್ಕ ಎಂದೇ ಕರೆಯುತ್ತಿದ್ದಳು.

ಐದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಯೆಲ್ಲ ಸಂಬಳ ಸಹಿತ ಕಾಯಿಲೆ ರಜೆ ಕೊಡಬೇಕು, ವಿಮೆಯ ಕಂತನ್ನೂ ಮಾಲೀಕರೇ ಕಟ್ಟಬೇಕು ಎಂಬ ಕಾನೂನು ಬರುವ ಸುದ್ದಿ ಹಬ್ಬಿದಾಗ ಮಾಲೀಕರ ಸಂಘದ ಕಾರ್ಯದರ್ಶಿ ಅವಳನ್ನು ಹುಡುಕಿಕೊಂಡು ಬಂದ.

“ಕಾನೂನಿನ ಬಗ್ಗೆ ಅಹವಾಲು ಕೇಳೋ ಸಮಿತಿ ಮುಂದೆ ನೀವೇ ಮಾತಾಡ್ಬೇಕು ಮೇಡಂ. ದೊಡ್ಡ ಫ್ಯಾಕ್ಟರಿಯವರು ಹೋಗಿ ಅತ್ತರೆ ಯಾರ ಕರುಳು ಚುರುಕ್ ಅನ್ನುತ್ತೆ?”

“ರಜೆ ಬೇಡ ಅಂತ ನಾನು ಹೇಳಲ್ಲಪ್ಪ. ಸಣ್ಣವರಿಗೆ ಎರಡು ವರ್ಷ ಟೈಮ್ ಕೊಡಿ, ಆಸ್ಪತ್ರೆಯವರೂ ರೇಟ್ ಸ್ವಲ್ಪ ಏರಿಸ್ಲಿ ಅಂತೀನಿ.”

“ಅದನ್ನೇ ಹೇಳಿ. ಮಿಕ್ಕಿದ್ದು ನಮಗೆ ಬಿಡಿ.”

ಅವಳಿಗೆ ಸಿಕ್ಕಿದ್ದು ಮೂರೇ ನಿಮಿಷ. ಉದ್ದನೆಯ ಮೇಜಿನ ಆಚೆ ಸಮಿತಿಯವರು ಕೂತಿದ್ದರು. ಬಾಯ್ಲರ್, ಸೋಪು, ಕರೆಂಟು ಎಂದು ಖರ್ಚು ವಿವರಿಸಿ, “ಇದೂ ಒಮ್ಮೆಲೇ ತಲೆ ಮೇಲೆ ಬಿದ್ರೆ ನಾನು ಬಾಗಿಲು ಹಾಕ್ಬೇಕಾಗುತ್ತೆ, ಅದಕ್ಕೇ...” ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು.

“ನಿಮ್ಮ ಕಷ್ಟ ಅರ್ಥವಾಯ್ತಮ್ಮ. ಮುಂದಿನವರು ಬನ್ನಿ” ಎಂದರು ಅಧ್ಯಕ್ಷರು. ಎರಡು ವರ್ಷದ ಟೈಮ್ ಕೇಳುವುದು ಹಾಗೇ ಉಳಿಯಿತು.

ಮಾರನೆಯ ದಿನದ ಪೇಪರಿನಲ್ಲಿ ಅವಳ ಫೋಟೋ ಇತ್ತು. ಮೇಲೆ ದಪ್ಪಕ್ಷರದಲ್ಲಿ ‘ಕಾಯಿಲೆ ರಜೆ ಕೊಟ್ಟರೆ ಬಾಗಿಲು ಮುಚ್ಚುತ್ತೇನೆ’. ಊಟದ ಹೊತ್ತಿಗೆ ಅವಳು ಒಳಗೆ ಹೋದಾಗ ಕೆಲಸದವರ ನಡುವೆ ಆ ಪೇಪರ್ ಹರಡಿಕೊಂಡು ಬಿದ್ದಿತ್ತು.

“ನಾನು ಹೇಳಿದ್ದು ಹಾಗಲ್ಲ ಕಣ್ರೇ. ಪೂರ್ತಿ ಹೇಳೋಕೆ ಬಿಡ್ಲೇ ಇಲ್ಲ.”

ಇಸ್ತ್ರಿಯವಳು ಡಬ್ಬಿಯ ಮುಚ್ಚಳ ಒತ್ತಿದಳು. “ಇರ್ಲಿ ಬಿಡಿ ಮೇಡಂ. ನಿಮ್ಮ ಕಷ್ಟ ನಿಮಗೆ.”

ಆವತ್ತಿನಿಂದ ಯಾರೂ ಅಕ್ಕ ಎನ್ನಲಿಲ್ಲ.

ನಾಲ್ಕು ತಿಂಗಳ ಮೇಲೆ ಕಾರ್ಯದರ್ಶಿಯ ಫೋನ್ ಬಂತು. “ಗೆದ್ವಿ ಮೇಡಂ! ಈಗ ಹತ್ತಕ್ಕಿಂತ ಹೆಚ್ಚು ಜನ ಇದ್ರೆ ಮಾತ್ರ ಕಾನೂನು. ಎಲ್ಲ ನಿಮ್ಮ ಮಾತಿಂದ.”

“ನನ್ನ ಹತ್ರ ಹನ್ನೆರಡು ಜನ ಇದ್ದಾರಲ್ಲ.”

“ಇಬ್ಬರು ತಾನೇ? ಇಳಿಸ್ಕೊಳ್ಳಿ.”

ರೇಟ್ ಏರಿಸಿದರೆ ಯಾರನ್ನೂ ತೆಗೆಯಬೇಕಿಲ್ಲವೆಂದು ಅವಳು ಆಸ್ಪತ್ರೆಗೆ ಓಡಿದಳು. ಸ್ಟೋರಿನ ಅಧಿಕಾರಿ ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡ. “ಒಪ್ಪಂದ ಇನ್ನೂ ಮೂರು ವರ್ಷ ಇದೆಯಲ್ಲಮ್ಮ, ರೇಟ್ ಏರಿಸೋದು ನನ್ನ ಕೈಯಲ್ಲಿಲ್ಲ. ನಿಮಗೆ ಆಗಲ್ಲ ಅಂದ್ರೆ ಹೇಳಿ, ಇದೇ ರೇಟಿಗೆ ಮಾಡೋಕೆ ಜನ ಸಾಲುಗಟ್ಟಿ ನಿಂತಿದ್ದಾರೆ.”

ಲಾಂಡ್ರಿಯಲ್ಲಿ ಎಲ್ಲರಿಗಿಂತ ಕೊನೆಗೆ ಕೆಲಸಕ್ಕೆ ಸೇರಿದವರು ಗಂಡ ಹೆಂಡತಿ. ಗಂಡ ಒಗೆಯುವ ಯಂತ್ರದ ಬಳಿ, ಹೆಂಡತಿ ಮಡಿಚುವ ಮೇಜಿನ ಬಳಿ. ಇಬ್ಬರನ್ನೂ ಆಫೀಸಿಗೆ ಕರೆದು, ಇನ್ನು ಕೆಲಸವಿಲ್ಲವೆಂದು ಹೇಳುವಾಗ ಅವಳಿಗೆ ಅವರ ಮುಖ ನೋಡಲಾಗಲಿಲ್ಲ.

“ಇವಳನ್ನಾದ್ರೂ ಇಟ್ಕೊಳ್ಳಿ” ಎಂದ ಗಂಡ.

“ಹನ್ನೊಂದು ಜನ ಆದ್ರೂ ಕಾನೂನು ಬಂದುಬಿಡುತ್ತೆ ಕಣಪ್ಪ.”

“ಬರ್ಲಿ ಬಿಡಿ. ಎಲ್ರಿಗೂ ರಜೆ ಸಿಗುತ್ತಲ್ವಾ?”

ಅವನು ಕುಹಕವಾಡಿರಲಿಲ್ಲ, ನಿಜಕ್ಕೂ ಕೇಳಿದ್ದ. ಹೆಂಡತಿ ಏಪ್ರನ್ ಬಿಚ್ಚಿ, ರೂಢಿಯಂತೆ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು.

ಹನ್ನೆರಡು ಜನರ ಕೆಲಸ ಹತ್ತು ಜನರ ಮೇಲೆ ಬಿತ್ತು. ಒಂದು ಬೆಳಿಗ್ಗೆ ಇಸ್ತ್ರಿಯವಳು ಜ್ವರದಲ್ಲೇ ಬಂದಳು. ಮುಟ್ಟಿದರೆ ಮೈ ಕೆಂಡ.

“ಮನೆಗೆ ಹೋಗಿ ಮಲ್ಕೊ. ಸಂಬಳ ಹಿಡಿಯಲ್ಲ.”

“ಇವತ್ತು ಹಿಡಿಯಲ್ಲ ಅಂತೀರಿ. ನಾಳೆ ಇನ್ನೊಂದು ಕಷ್ಟ ಬಂದ್ರೆ?”

“ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?”

“ನಿಮ್ಮನ್ನ ತಪ್ಪು ಅಂತಿಲ್ಲ ಮೇಡಂ. ಇಬ್ಬರನ್ನ ಕಳಿಸುವಾಗಲೂ ನಿಮ್ಮ ಕೈಯಲ್ಲಿ ಏನೂ ಇರ್ಲಿಲ್ವಲ್ಲ.”

ಅವಳು ಆಕೆಯ ಕೈಯಿಂದ ಇಸ್ತ್ರಿ ಪೆಟ್ಟಿಗೆಯನ್ನು ಬಲವಂತವಾಗಿ ಕಿತ್ತುಕೊಂಡು ತಾನೇ ದಿಂಬಿನ ಚೀಲಗಳನ್ನು ಉಜ್ಜತೊಡಗಿದಳು. ಇಸ್ತ್ರಿಯವಳು ಮಾತ್ರ ಮನೆಗೆ ಹೋಗಲಿಲ್ಲ. ಹಾಜರಿ ತಪ್ಪಬಾರದೆಂದು ಮೂಲೆಯ ಸ್ಟೂಲಿನ ಮೇಲೆ ಗೋಡೆಗೊರಗಿ, ನಡುಗುತ್ತಾ ಸಂಜೆಯವರೆಗೂ ಕೂತಿದ್ದಳು.