ಎಡಗೆನ್ನೆಯ ಎಡವಟ್ಟು

ಕೂದಲನ್ನು ಮೊದಲು ಪತ್ತೆ ಹಚ್ಚಿದ್ದು ಮಗಳು. ತಾಯಿ ಮಗಳು ಇಬ್ಬರೂ ಬಚ್ಚಲಮನೆಯ ಕನ್ನಡಿ ಮುಂದೆ ನಿಂತು ಹಲ್ಲುಜ್ಜುತ್ತಿದ್ದರು. ಮಗಳು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಅಮ್ಮನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

“ಅಮ್ಮ, ನಿನ್ನ ಮೀಸೆ ದಾರಿ ತಪ್ಪಿ ಕಿವಿ ಹತ್ರ ಹೋಗಿದೆ.”

ನೋಡಿದರೆ ಹೌದು. ಎಡಗಿವಿಯ ಮುಂದಿನಿಂದ ದವಡೆಯವರೆಗೆ ಎರಡು ಬೆರಳಗಲ ಕಪ್ಪು ಕೂದಲು, ಯಾರೋ ಬಿತ್ತಿ ನೀರು ಹಾಯಿಸಿದ ಹಾಗೆ. ಬಲಗೆನ್ನೆ ಮಾತ್ರ ತೊಳೆದಿಟ್ಟ ತಟ್ಟೆ.

ಬೇರೆ ಹೆಂಗಸಾಗಿದ್ದರೆ ಮುಖದ ಚಿಂತೆ ಹತ್ತುತ್ತಿತ್ತು. ಇವಳಿಗೆ ಹತ್ತಿದ್ದು ಗಂಟಲಿನ ಚಿಂತೆ. ಇವಳು ಡಬ್ಬಿಂಗ್ ಕಲಾವಿದೆ. ಟೀವಿಯ ಕಾರ್ಟೂನಿನಲ್ಲಿ ಒಂಬತ್ತು ವರ್ಷದಿಂದ ಒಂದು ಗಂಡು ಅಳಿಲುಮರಿಗೆ ದನಿ ಕೊಡುತ್ತಿದ್ದಾಳೆ. ಮರಿಗೆ ಯಾವತ್ತೂ ಏಳೇ ವರ್ಷ, ಇವಳಿಗೆ ನಲವತ್ನಾಲ್ಕು. ಸ್ಟುಡಿಯೋದಲ್ಲಿ ಎಲ್ಲರಿಗೂ ಇವಳು ಅಳಿಲಕ್ಕ. ಈಗ ಅಳಿಲಕ್ಕನ ಲೆಕ್ಕಾಚಾರ ಹೀಗೆ ಓಡಿತು: ಹುಡುಗರಿಗೆ ಮೊದಲು ಮುಖದಲ್ಲಿ ಕೂದಲು ಚಿಗುರುತ್ತದೆ, ಆಮೇಲೆ ದನಿ ಒಡೆದು ಮಡಕೆಯಾಗುತ್ತದೆ. ಮೊದಲನೆಯದು ಆಯಿತು. ಎರಡನೆಯದು ಇನ್ನೆಷ್ಟು ದಿನ?

ಅದಕ್ಕೂ ಒಂದು ಗಡುವಿತ್ತು. ಅಳಿಲುಮರಿಯ ದೊಡ್ಡ ಸಿನಿಮಾ ಬರುವುದಿತ್ತು. ಕಂಪನಿಯವರು ಮರಿಯ ದನಿಯನ್ನು ಹೊಸದಾಗಿ ಪರೀಕ್ಷೆ ಮಾಡುತ್ತೇವೆ ಎಂದಿದ್ದರು. ಬರುವ ತಿಂಗಳ ಮೊದಲ ಸೋಮವಾರ. ಅಂದು ದನಿ ಒಡೆದರೆ ಮರಿ ಇನ್ಯಾರದೋ ಗಂಟಲು ಸೇರುತ್ತದೆ.

ಅವತ್ತಿನಿಂದ ಅಳಿಲಕ್ಕ ಬೆಳಗೆದ್ದು ಬಚ್ಚಲಲ್ಲಿ ನಲ್ಲಿ ಬಿಟ್ಟು ಮರಿಯ ಕಿಲಕಿಲ ನಗುವನ್ನು ಪರೀಕ್ಷಿಸತೊಡಗಿದಳು. ನಗು ಶುರುವೇನೋ ಆಗುತ್ತಿತ್ತು, ಕೊನೆಗೆ ಬಂದು ಹಳೇ ಬಾಗಿಲಿನ ಹಾಗೆ ಕಿರ್ರೆನ್ನುತ್ತಿತ್ತು. ಸ್ಟುಡಿಯೋದಲ್ಲೂ ಅದೇ ಪಾಡು. ಗಾಜಿನ ಆಚೆ ಕೂತ ಡೈರೆಕ್ಟರು ಹೆಡ್‌ಫೋನಿನೊಳಗೆ ಮೆಲ್ಲಗೆ ಹೇಳಿದರು, “ಅಕ್ಕ, ಮರಿ ಯಾಕೋ ಇವತ್ತು ಕಾಲೇಜು ಸೇರಿದ ಹಾಗಿದೆಯಲ್ಲ.” ತಮಾಷೆಗೇ ಹೇಳಿದ್ದು. ಅವಳಿಗೆ ರಾತ್ರಿ ಊಟ ಸೇರಲಿಲ್ಲ.

ಡಾಕ್ಟರಮ್ಮ ರಕ್ತ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿ ಇತ್ತು. ಸರಿ ಇದ್ದದ್ದೇ ಅಳಿಲಕ್ಕನ ತಲೆಯನ್ನು ಇನ್ನಷ್ಟು ಕೆಡಿಸಿತು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಒಂದು ಕೆನ್ನೆ ನೋಡಿ ಇನ್ನೊಂದು ನೋಡಿದರು.

“ರಕ್ತಕ್ಕೆ ಎಡ ಬಲ ಅಂತ ಪಕ್ಷಪಾತ ಇರಲ್ಲಮ್ಮ. ಒಳಗಿನದಾಗಿದ್ರೆ ಎರಡೂ ಕಡೆ ಬರಬೇಕಿತ್ತು. ಎಡಗೆನ್ನೆಗೆ ಮಾತ್ರ ಏನು ತಾಗತ್ತೆ, ಯೋಚನೆ ಮಾಡಿ.”

ಯೋಚಿಸಿದಳು. ಮಲಗುವುದು ಬಲಮಗ್ಗುಲಿಗೆ. ಫೋನು ಹಿಡಿಯುವುದು ಬಲಗಿವಿಗೆ. ದಿಂಬಿನ ಚೀಲ ಬದಲಾಯಿತು, ಸೋಪು ಬದಲಾಯಿತು, ಮುಖದ ಕ್ರೀಮು ಕಸದ ಬುಟ್ಟಿ ಸೇರಿತು. ಅಮ್ಮ ನಿದ್ದೆಯಲ್ಲಿ ಕೆನ್ನೆ ಏನಕ್ಕಾದರೂ ಉಜ್ಜುತ್ತಾಳೋ ಎಂದು ಮಗಳು ಪಕ್ಕದಲ್ಲಿ ಕೂತು ಕಾದಳು. ಹತ್ತು ನಿಮಿಷಕ್ಕೆ ತಾನೇ ಗೊರಕೆ ಹೊಡೆದಳು. ಕೂದಲು ಮಾತ್ರ ಯಾರ ಹಂಗೂ ಇಲ್ಲದೆ ಬೆಳೆಯುತ್ತಲೇ ಹೋಯಿತು.

ಸೋಮವಾರ ಬಂತು. ಹನ್ನೊಂದಕ್ಕೆ ಹೋಗುವವಳು ಅಂದು ಹೆದರಿಕೆಗೆ ಒಂಬತ್ತೂವರೆಗೇ ಸ್ಟುಡಿಯೋದಲ್ಲಿದ್ದಳು. ಅವಳಿಗಿಂತ ಮೊದಲಿನ ಪಾಳಿ ಕರಡಿಮಾವನದು. ಅದೇ ಕಾರ್ಟೂನಿನ ಮುದಿ ಕರಡಿಗೆ ದನಿ ಕೊಡುವವರು. ಕೆಮ್ಮಿದರೆ ಕಿಟಕಿ ಅದುರುತ್ತದೆ. ಅವಳು ಬರುವ ಹೊತ್ತಿಗೆ ಅವರು ಹೊರಟಿರುತ್ತಿದ್ದರು, ತಲೆಯ ಮೇಲೆ ಸದಾ ಉಣ್ಣೆಯ ಟೋಪಿ.

ಇವತ್ತು ಟೋಪಿ ಇರಲಿಲ್ಲ. ಗಾಜಿನಾಚೆ ಮಬ್ಬು ಬೆಳಕಿನಲ್ಲಿ ಮಾವ ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದು, ಎರಡೂ ಕಿವಿಗಳ ಮೇಲಿನ ಬೋಳಿಗೆ ಹನಿ ಹನಿ ಬಿಟ್ಟು, ಬೆರಳಲ್ಲಿ ತೀಡಿದರು. ಅಷ್ಟರಲ್ಲಿ ಡೈರೆಕ್ಟರು ಕರೆದರು. ಒದ್ದೆ ತಲೆಗೇ ಹೆಡ್‌ಫೋನು ಏರಿತು.

ಅಳಿಲಕ್ಕನಿಗೆ ಪಾಪ ಅನ್ನಿಸಿತು, ಅಷ್ಟೇ. ಅವರ ಕೆಲಸ ಮುಗಿದು ತಾನು ಒಳಗೆ ಹೋಗಿ, ಒಂಬತ್ತು ವರ್ಷದ ರೂಢಿಯಂತೆ ಅದೇ ಹೆಡ್‌ಫೋನು ಹಾಕಿಕೊಂಡಳು. ಎಡಗಿವಿಗೆ ಪೂರ್ತಿ, ಬಲಭಾಗವನ್ನು ಕಿವಿಯ ಹಿಂದಕ್ಕೆ ಕೂದಲಿನ ಮೇಲೆ ತಳ್ಳಿ. ಒಂದು ಕಿವಿಗೆ ಸಿನಿಮಾ, ಇನ್ನೊಂದಕ್ಕೆ ತನ್ನದೇ ದನಿ. ಈ ಕಸುಬಿನವರಲ್ಲಿ ಬಹಳ ಜನ ಹೀಗೇ ಹಾಕಿಕೊಳ್ಳುವುದು.

ಎಡಗೆನ್ನೆಗೆ ತಣ್ಣಗಾಯಿತು. ದಿನವೂ ಆಗುತ್ತಿದ್ದದ್ದೇ. ಸ್ಪಿರಿಟ್ಟಿನ ವಾಸನೆಯೂ ದಿನವೂ ಬರುತ್ತಿದ್ದದ್ದೇ. ಸ್ಟುಡಿಯೋದವರು ಎಷ್ಟು ಶುಚಿ, ಒರೆಸಿ ಇಟ್ಟಿರುತ್ತಾರೆ ಎಂದು ಇವಳು ನಾಲ್ಕು ಜನರ ಮುಂದೆ ಹೊಗಳಿದ್ದೂ ಉಂಟು.

ಇವತ್ತು ಮಾವನ ಬಾಟಲಿ, ಆ ಒದ್ದೆ ತಲೆ ನೆನಪಾದವು. ಹೆಡ್‌ಫೋನನ್ನು ಕಿತ್ತು, ಐದು ನಿಮಿಷ ಎಂದು ಡೈರೆಕ್ಟರಿಗೆ ಕೈಸನ್ನೆ ಮಾಡಿ, ಹೊರಗೋಡಿ ಮೆಟ್ಟಿಲ ಹತ್ತಿರ ಮಾವನನ್ನು ಹಿಡಿದಳು. ಬಾಟಲಿಯಲ್ಲಿ ಏನು ಎಂದು ಕೇಳಿದ್ದಕ್ಕೆ ಮಾವ ಮೊದಲು ನೆಗಡಿಗೆ ಅಂದರು. ನೆಗಡಿ ಮೂಗಿಗೆ ತಾನೇ ಎಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಎಂಟು ತಿಂಗಳಾಯ್ತು ಕಣಮ್ಮ. ಯಾರಿಗೂ ಹೇಳಬೇಡ. ಒಂದು ಕೂದಲೂ ಬಂದಿಲ್ಲ.”

ಅವಳು ಎಡಗೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. “ಬಂದಿದೆ ಮಾವ. ವಿಳಾಸ ತಪ್ಪಿದೆ.”

ಮಾವ ಬಗ್ಗಿ ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಕರಡಿ ಬೋಳಾದರೆ ಅಳಿಲಿಗೆ ಔಷಧಿ. ಅವರ ಮುಖದಲ್ಲಿ ನಾಚಿಕೆ ಇತ್ತು, ಅಪರಾಧಭಾವ ಇತ್ತು. ಅದರ ಹಿಂದೆ ಇಣುಕುತ್ತಿದ್ದದ್ದು ಹೊಟ್ಟೆಕಿಚ್ಚಲ್ಲದೆ ಬೇರೇನೂ ಆಗಿರಲಿಕ್ಕಿಲ್ಲ.

ಅವಳಿಗೆ ಬೇಕಾದದ್ದು ಒಂದೇ: ಇದು ಗಂಟಲಿಗೂ ಇಳಿಯುತ್ತದೆಯೋ? ಮಾವನ ಜೇಬಿನಲ್ಲಿ ಔಷಧಿಯ ಜೊತೆ ಬಂದ ಚೀಟಿ ಮಡಿಕೆ ಬಿಚ್ಚದೆ ಹಾಗೇ ಇತ್ತು. ಕೈ ಚಾಚಿ ದೂರ ಹಿಡಿದು ಓದತೊಡಗಿದರು. ಹಚ್ಚಿದ ಮೇಲೆ ಕೈ ತೊಳೆಯಬೇಕು. ಪೂರ್ತಿ ಒಣಗಲು ಗಂಟೆಗಟ್ಟಲೆ ಬಿಡಬೇಕು. ಇನ್ನೊಬ್ಬರ ಮೈಗೆ ತಾಗಿದರೆ ಅಲ್ಲಿ ಕೂದಲು ಬರಬಹುದು. ತಾಗುವುದು ನಿಂತರೆ ಕೆಲವು ತಿಂಗಳಲ್ಲಿ ಉದುರಿ ಹೋಗುತ್ತದೆ. ಎದೆ ಹೊಡೆದುಕೊಂಡರೆ, ತಲೆ ಸುತ್ತಿದರೆ ಡಾಕ್ಟರಿಗೆ ತೋರಿಸಬೇಕು. ದನಿಯ ಮಾತೇ ಇರಲಿಲ್ಲ. ಇನ್ನೊಮ್ಮೆ ಓದಿಸಿದಳು. ಇಡೀ ಮೆಟ್ಟಿಲಸಾಲು ಕರಡಿದನಿಯಲ್ಲಿ ಗುಡುಗಿತು. ಎರಡನೇ ಸಲವೂ ಇರಲಿಲ್ಲ.

ಹಾಗಾದರೆ ಇಷ್ಟು ದಿನ ಗಂಟಲು ಹಿಸುಕಿದ್ದು ಯಾರು? ಉತ್ತರ ಹೊಳೆಯುವ ಮೊದಲೇ ಡೈರೆಕ್ಟರು ಕೂಗಿದರು. ಮುಖಕ್ಕೆ ಸೋಪು ಹಾಕಿ ತೊಳೆದುಕೊಂಡು, ಕಪಾಟಿನಿಂದ ಬೇರೆ ಹೆಡ್‌ಫೋನು ಕೇಳಿ ಪಡೆದು, ಅಳಿಲಕ್ಕ ಮೈಕಿನ ಮುಂದೆ ನಿಂತಳು. ತೆರೆಯ ಮೇಲೆ ಮರಿ ಬಾಯಿ ತೆರೆಯಿತು. ಅವಳೂ ತೆರೆದಳು.

ನಗು ಮೇಲಕ್ಕೆ ಹತ್ತಿತು, ತುದಿಯಲ್ಲಿ ಕುಣಿಯಿತು, ಎಲ್ಲೂ ಕಿರ್ರೆನ್ನದೆ ಇಳಿದು ಬಂತು.

“ಮರಿ ಕಾಲೇಜು ಬಿಟ್ಟು ಬಂತು,” ಅಂದರು ಡೈರೆಕ್ಟರು. “ಇದೇ ಇರಲಿ. ಬೇರೆ ಯಾರನ್ನೂ ಕೇಳೋದು ಬೇಡ.”

ಗಾಜಿನಾಚೆ ಕರಡಿಮಾವ ಟೋಪಿ ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಬೈಯಬೇಕೋ ನಗಬೇಕೋ ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ. ಅವರ ಕಣ್ಣು ಅವಳ ಮೇಲೆಯೇ ನೆಟ್ಟಿತ್ತು. ಆ ಮೆಚ್ಚುಗೆ ನಗುವಿಗೆ ಸಂದಿತೋ ಕೆನ್ನೆಗೆ ಸಂದಿತೋ, ಅದೂ ತಿಳಿಯಲಿಲ್ಲ.